ಕೆರೆ ಹಿಂದಿನವರು ಆಡದ ಮಾತು

ಆನ್‌ಲೈನಿನಲ್ಲಿ ಬರವಣಿಗೆಯ ಕೆಲಸ ಕೇಳಿಕೊಂಡು ಹೋದರೆ ಎಲ್ಲರೂ ಮೊದಲು ನೋಡುವುದು ನಿಮ್ಮ ಪುಟದಲ್ಲಿರುವ ಸ್ಟಾರ್‌ಗಳನ್ನು. ಸ್ಟಾರ್ ಇದ್ದರೆ ಕೆಲಸ ಕೊಡುತ್ತಾರೆ. ಕೆಲಸ ಮಾಡಿ ಮುಗಿಸಿದರೆ ಸ್ಟಾರ್ ಕೊಡುತ್ತಾರೆ. ಎರಡೂ ಇಲ್ಲದವರು ಏನು ಮಾಡಬೇಕೆಂದು ಆ ತಾಣದ ಸಹಾಯ ವಿಭಾಗದಲ್ಲಿ ಎಲ್ಲೂ ಬರೆದಿಲ್ಲ. ನಾನು ಪೂರ್ತಿ ಓದಿದ್ದೇನೆ. ತರೀಕೆರೆ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಮಹಡಿ ಮೇಲಿನ ಬಾಡಿಗೆ ಮನೆಯಲ್ಲಿ ಕೂತು, ಮೇ ತಿಂಗಳಿಂದ ಆಗಸ್ಟ್‌ವರೆಗೆ ಆ ಮೊದಲ ಸ್ಟಾರ್‌ಗಾಗಿ ಬಡಿದಾಡಿದೆ.

ಅದಕ್ಕೆ ಮುಂಚೆ ಒಂದು ಖಾಸಗಿ ಶಾಲೆಯಲ್ಲಿ ಕನ್ನಡ ಹೇಳಿಕೊಡುತ್ತಿದ್ದೆ. ಬಿಟ್ಟೆ. ಬಿಡುವ ದಿನ ಶಾಲೆಯ ಕಾರ್ಯದರ್ಶಿ ನನ್ನ ರಾಜೀನಾಮೆ ಪತ್ರವನ್ನು ಓದದೆಯೇ ಡ್ರಾಯರಿಗೆ ಹಾಕಿ, “ನಿಮ್ ಜಾಗಕ್ಕೆ ಟೆಂಪರರಿ ಯಾರ್ನಾದ್ರೂ ಹಾಕಿರ್ತೀನಿ ಮೇಡಂ. ದಸರಾ ರಜ ಮುಗಿಯೋದ್ರೊಳಗೆ ನೀವೇ ಬತ್ತೀರ” ಎಂದು ನಕ್ಕರು. ದಸರಾ ಮುಗಿದ ಮೇಲೂ ಆ ನಗು ನೋಡಬೇಕಾಗಬಹುದು ಎಂಬ ಯೋಚನೆಗೇ ನನಗೆ ಮೈಯೆಲ್ಲ ಉರಿಯುತ್ತಿತ್ತು. ಅಷ್ಟರೊಳಗೆ ಒಂದು ಕೆಲಸ, ಒಂದು ಒಳ್ಳೆಯ ರಿವ್ಯೂ. ನನಗೆ ಬೇಕಾಗಿದ್ದು ಅಷ್ಟೇ.

ಖಾತೆ ತೆರೆಯುವುದಕ್ಕೇ ಒಂದು ವಾರ ಹಿಡಿಯಿತು. ಆಧಾರ್‌ನಲ್ಲಿ ನನ್ನ ಹೆಸರಿನ ಹಿಂದೆ ಅಪ್ಪನ ಇನಿಶಿಯಲ್ ಇದೆ, ಪ್ಯಾನ್ ಕಾರ್ಡಿನಲ್ಲಿ ಅಪ್ಪನ ಪೂರ್ತಿ ಹೆಸರಿದೆ, ಬ್ಯಾಂಕಿನವರು ಊರಿನ ಹೆಸರನ್ನೂ ಸೇರಿಸಿಕೊಂಡಿದ್ದಾರೆ. ಮೂವರೂ ಒಬ್ಬಳೇ ಎಂದು ನಂಬಿಸುವಷ್ಟರಲ್ಲಿ ಸಾಕುಸಾಕಾಯಿತು. ಆಮೇಲೆ ಅರ್ಜಿ. ಒಂದೊಂದು ಅರ್ಜಿಗೂ ನಾಲ್ಕರಿಂದ ಆರು ಟೋಕನ್ ಕತ್ತರಿಸುತ್ತಾರೆ. ತಿಂಗಳಿಗೆ ಪುಕ್ಕಟೆ ಸಿಗುವ ಟೋಕನ್ ಎರಡೇ ಅರ್ಜಿಗೆ ಮುಗಿಯುತ್ತದೆ. ಉಳಿದದ್ದನ್ನು ಕೊಂಡುಕೊಳ್ಳಬೇಕು. ಕೆಲಸ ಕೇಳುವುದಕ್ಕೇ ಕಾಸು ಕೊಡುವ ಕಚೇರಿಯನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಮೊದಲು ಸಿಕ್ಕವರು ಮೂತ್ರಪಿಂಡದ ಕಲ್ಲಿನ ಬಗ್ಗೆ ಆರುನೂರು ಪದಗಳ ಸ್ಯಾಂಪಲ್ ಬರೆಸಿಕೊಂಡು ಮಾಯವಾದರು. ಹದಿನೈದು ದಿನ ಕಳೆದ ಮೇಲೆ ಅದೇ ಲೇಖನ ಅವರ ವೆಬ್‌ಸೈಟಿನಲ್ಲಿ ಯಾವುದೋ ಡಾಕ್ಟರ ಹೆಸರಿನಲ್ಲಿ ಕಾಣಿಸಿತು. ಎರಡನೆಯವರಿಗೆ ಹನ್ನೆರಡು ರಾಶಿಯ ವಾರಭವಿಷ್ಯ ಬೇಕಿತ್ತು. “ಬರೆಯೋದು ಮೆಷಿನ್ನೇ ಬರೆಯುತ್ತೆ, ನೀವು ಸ್ವಲ್ಪ ಕನ್ನಡ ಮಾಡಿದ್ರೆ ಆಯ್ತು” ಎಂದರು. ಮೂರನೆಯವರು ನುಡಿ ಫಾಂಟಿನಲ್ಲಿ ಕಳಿಸಲು ಹೇಳಿ, ತಮ್ಮ ಕಂಪ್ಯೂಟರಿನಲ್ಲಿ ಅದನ್ನು ಯೂನಿಕೋಡಿಗೆ ತಿರುಗಿಸುವಾಗ ಅರ್ಕಾವತ್ತುಗಳೆಲ್ಲ ಕಿತ್ತುಹೋದದ್ದಕ್ಕೆ ನನ್ನನ್ನೇ ಬೈದರು. “ಬೇಸಿಕ್ ಕನ್ನಡ ಬರದವರು ಯಾಕೆ ಬರ್ತೀರಿ” ಎಂದು ಬರೆದಿದ್ದರು. ಹನ್ನೊಂದು ವರ್ಷ ಮಕ್ಕಳ ಕಾಪಿಯಲ್ಲಿ ಕೆಂಪು ಶಾಯಿ ಹಾಕಿದವಳು ನಾನು. ಲ್ಯಾಪ್‌ಟಾಪ್ ಮುಚ್ಚಿ ಬಸ್ ಸ್ಟ್ಯಾಂಡಿಗೆ ಹೋಗಿ ಒಂದು ಟೀ ಕುಡಿದು ಬಂದೆ. ಕೋಪ ಇಳಿಯಲಿಲ್ಲ.

ಆಗಸ್ಟ್ ಮೊದಲ ವಾರ ಒಂದು ಏಜೆನ್ಸಿಯವರು ಅರ್ಜಿ ಒಪ್ಪಿಕೊಂಡರು. ಹೊಲಕ್ಕೆ ಹೊಡೆಯುವ ಔಷಧಿ ಮಾರುವ ಯಾವುದೋ ಕಂಪನಿಗೆ ಇವರು ಪ್ರಚಾರ ಮಾಡಿಕೊಡುತ್ತಿದ್ದರು. ನನ್ನ ಜೊತೆ ಚಾಟಿನಲ್ಲಿ ಮಾತಾಡುತ್ತಿದ್ದವರು ಅಲ್ಲಿನ ಮ್ಯಾನೇಜರ್. ಕೆಲಸ ಇಷ್ಟು: ಈರುಳ್ಳಿ ಗಡ್ಡೆ ದಪ್ಪವಾಗಿಸುವ ಒಂದು ದ್ರಾವಣದ ಬಗ್ಗೆ ಇಪ್ಪತ್ತು ರೈತರ ಅನುಭವ, ಒಂದೊಂದು ತೊಂಬತ್ತು ಪದ. ಅವರು ಕಳಿಸಿದ ಶೀಟಿನಲ್ಲಿ ಬೆಳೆ, ಜಿಲ್ಲೆ, ಸಮಸ್ಯೆ, ಫಲಿತಾಂಶ ಎಂದು ನಾಲ್ಕು ಕಲಂ ತುಂಬಿದ್ದವು. ಹೆಸರಿನ ಕಲಂ ಖಾಲಿ ಇತ್ತು.

“ರೈತರು ಮಾತಾಡಿದ ರೆಕಾರ್ಡಿಂಗ್ ಕಳಿಸುತ್ತೀರಾ?” ಎಂದು ಕೇಳಿದೆ.

“ರೆಕಾರ್ಡಿಂಗ್ ಆಮೇಲೆ ಬರುತ್ತೆ ಮೇಡಂ. ನೀವು ಡ್ರಾಫ್ಟ್ ಮಾಡ್ತಾ ಇರಿ” ಎಂದು ಉತ್ತರ ಬಂತು.

ರೆಕಾರ್ಡಿಂಗ್ ಎಂಬುದು ಇಲ್ಲವೇ ಇಲ್ಲವೆಂದು ನನಗೆ ಆಗಲೇ ಗೊತ್ತಾಗಿತ್ತು. ಗೊತ್ತಾಗಲಿಲ್ಲ ಎಂದು ಈಗ ಬರೆದುಕೊಂಡರೆ ಅದು ಸುಳ್ಳು. ನನಗೆ ಸ್ಟಾರ್ ಬೇಕಿತ್ತು, ಬರೆದೆ.

ಮೊದಲ ಮೂರು ಡ್ರಾಫ್ಟ್ ವಾಪಸ್ ಬಂದವು. “ಪಾಠದ ಥರ ಇದೆ.” “ಫೀಲ್ ಬರ್ತಿಲ್ಲ, ಹಳ್ಳಿ ಹೆಸರು ಹಾಕಿ.” ಮೂರನೆಯದಕ್ಕೆ, “ನೀವು ನಿಜವಾಗ್ಲೂ ಆ ಕಡೆಯವರೇನಾ?” ಈ ಮಾತು ನನಗೆ ತಾಗಿತು. ಮಾಡ್ತೀನಿ ಇರು ಎಂದುಕೊಂಡು ಅದೇ ಬಿಸಿಯಲ್ಲಿ ನಾಲ್ಕನೆಯದನ್ನು ಬರೆದೆ.

ನನ್ನ ಅಕ್ಕನನ್ನು ಅಜ್ಜಂಪುರಕ್ಕೆ ಕೊಟ್ಟಿದೆ. ಭಾವ ಅಲ್ಲಿ ಗೊಬ್ಬರ, ಬೀಜದ ಅಂಗಡಿ ಇಟ್ಟಿದ್ದಾರೆ. ರಜೆಯಲ್ಲಿ ಹೋದಾಗ ಆ ಅಂಗಡಿಯ ಮರದ ಬೆಂಚಿನ ಮೇಲೆ ಕೂತು ಈರುಳ್ಳಿ ಬೆಳೆಯುವವರ ಮಾತನ್ನು ಎಷ್ಟೋ ಕೇಳಿದ್ದೇನೆ. ಅಲ್ಲಿಗೆ ಬರುವವರ ಒಂದು ಊರನ್ನು ಆರಿಸಿಕೊಂಡೆ. ನಮ್ಮ ಕಡೆ ಮನೆಯ ಹಿರಿಮಗನಿಗೆ ಊರ ದೇವರ ಹೆಸರಿಡುವ ರೂಢಿ. ಆ ಊರಿಗೆ ಯಾವ ದೇವರೆಂದು ನನಗೆ ಗೊತ್ತಿತ್ತು, ಆ ಹೆಸರನ್ನೇ ಇಟ್ಟೆ. ಊರನ್ನಾಗಲಿ ಹೆಸರನ್ನಾಗಲಿ ಇಲ್ಲಿ ಮತ್ತೆ ಬರೆಯುವುದಿಲ್ಲ. ಒಂದು ಸಲ ಬರೆದದ್ದೇ ಸಾಕು. ಬರೆದದ್ದರಲ್ಲಿ ಒಂದು ಭಾಗ ಹೀಗಿತ್ತು:

“ಎರಡೂವರೆ ಎಕ್ರೆ ಎರೆ ಹೊಲ ಕಣ್ರೀ ನಂದು, ಕೆರೆ ಹಿಂದೆ. ಈರುಳ್ಳಿ ಹಾಕಿದ್ದೆ. ಗಡ್ಡೆ ಗೋಲಿ ಗಾತ್ರಕ್ಕೇ ನಿಂತೋಗಿತ್ತು. ಈ ಔಷ್ದಿ ತಂದಾಗ ನಮ್ಮನೆಯವ್ಳು ನಕ್ಳು, ದುಡ್ಡು ಹೆಚ್ಚಾಗೈತೇನು ನಿಂಗೆ ಅಂತ. ಈಗ ಅವ್ಳೇ ಕೇಳ್ತಾಳೆ, ಇನ್ನೊಂದ್ಸಲ ಯಾವಾಗ ಹೊಡೀತೀಯ ಅಂತ.”

ಹತ್ತೇ ನಿಮಿಷದಲ್ಲಿ ಉತ್ತರ. “ಇದು ಮೇಡಂ! ಇದೇ ಬೇಕಿತ್ತು. ಉಳಿದ ಹತ್ತೊಂಬತ್ತೂ ಹೀಗೇ ಬರಲಿ. ಮುಂದಿನ ಶುಕ್ರವಾರ ಕಾಂಟ್ರ್ಯಾಕ್ಟ್ ಕ್ಲೋಸ್ ಮಾಡ್ತೀವಿ, ಐದು ಸ್ಟಾರ್ ಗ್ಯಾರಂಟಿ.” ಉಳಿದವಕ್ಕೆ ನಾನು ಸರಿಯಾಗಿ ನೋಡದ ದೂರದ ಊರುಗಳನ್ನು ಹಾಕಿದೆ. ಅವು ಅಷ್ಟು ಚೆನ್ನಾಗಿ ಬರಲಿಲ್ಲ, ಆದರೂ ಒಪ್ಪಿಕೊಂಡರು. ನಾಲ್ಕು ತಿಂಗಳಲ್ಲಿ ಮೊದಲ ಸಲ ನನಗೆ ಊಟ ರುಚಿಸಿತು.

ಭಾನುವಾರ ಬೆಳಿಗ್ಗೆ ಭಾವ ವಾಟ್ಸಾಪಿನಲ್ಲಿ ಒಂದು ಜಾಹೀರಾತು ಕಾರ್ಡ್ ಕಳಿಸಿದರು. ಬಣ್ಣದ ಪೇಟ ಸುತ್ತಿದ, ನೋಡಿದರೆ ಉತ್ತರ ಭಾರತದ ಕಡೆಯವನೆಂದು ಗೊತ್ತಾಗುವ ಒಬ್ಬ ರೈತನ ಫೋಟೊ. ಕೆಳಗೆ ನಾನಿಟ್ಟ ಹೆಸರು, ಊರು, ನನ್ನ ವಾಕ್ಯಗಳು. ಜೊತೆಗೆ ಭಾವನ ಧ್ವನಿ: “ನೋಡಮ್ಮ, ಬೆಳಿಗ್ಗೆಯಿಂದ ಅಂಗಡೀಲಿ ಒಂದೇ ರಂಪ. ಕೆರೆ ಹಿಂದ್ಲೋನು ಬಂದು ಕೂಗಾಡ್ತಾವ್ನೆ. ನಾನ್ ಯಾವತ್ ಹಿಂಗಂದೆ ಅಂತಾನೆ. ಇದ್ನ ಬರ್ದೋರು ಯಾರೋ ನಮ್ ಕಡೆಯೋರೇ ಇರ್ಬೇಕಂತೆ. ನೀನು ಕನ್ನಡ ಮೇಡಂ ಅಲ್ವಾ, ಒಂದ್ಸಲ ಓದಿ ನೋಡು.”

ಫೋನ್ ಮಾಡಿ ಕೇಳಿದಾಗ ಪೂರ್ತಿ ವಿಷಯ ತಿಳಿಯಿತು. ಆ ಊರಿನಲ್ಲಿ ಅದೇ ಹೆಸರಿನವರು ಏಳು ಜನ. ಒಂದೇ ಹೆಸರಿನವರು ಅಷ್ಟು ಜನರಿದ್ದಾಗ ಊರು ಅವರನ್ನು ಗುರುತಿಸುವುದು ಹೊಲದಿಂದ, ಮನೆಯಿಂದ. ಮಿಲ್ ಮನೆಯೋನು, ಬಾವಿ ಹತ್ರದೋನು, ಕೆರೆ ಹಿಂದ್ಲೋನು. ನಾನು ಅಂದಕ್ಕೆಂದು ಸೇರಿಸಿದ ‘ಕೆರೆ ಹಿಂದೆ’ ಎಂಬುದು ಅಲ್ಲಿ ಒಬ್ಬ ಮನುಷ್ಯನ ಪೂರ್ತಿ ವಿಳಾಸವಾಗಿತ್ತು. ಬೆಂಗಳೂರಿನ ಯಾರೋ ಬರೆದಿದ್ದರೆ ಯಾವುದೋ ಹೆಸರು, ಯಾವುದೋ ಹಳ್ಳಿ ಹಾಕಿ, ಯಾರಿಗೂ ಏನೂ ಆಗುತ್ತಿರಲಿಲ್ಲ. ನಮ್ಮ ಕಡೆಯವಳಾಗಿದ್ದಕ್ಕೇ ನಾನು ಈ ತಪ್ಪು ಮಾಡಿದೆ.

“ಬಾಟ್ಲಿ ತರ್ಸ್‌ಕಂಡಿರೋರು ಆಗ್ಲೇ ನಾಕು ಮನೆಯೋರು. ರೈತ್ರ ಗ್ರೂಪಲ್ಲಿ ಇದು ಬಂದು ನಾಕೈದ್ ದಿನ ಆಯ್ತು. ಫೋಟೊ ಯಾರ್ದಾದ್ರೇನು, ಅವ್ನೇ ಹೇಳವ್ನಲ್ಲ, ಸುಮ್ಮನೆ ಹೇಳೋನಲ್ಲ ಅಂತ” ಎಂದರು ಭಾವ. ಆಮೇಲೆ ದನಿ ತಗ್ಗಿಸಿ, “ಅದ್ಕಿಂತ ಹೆಚ್ಚಾಗಿ, ಹೆಂಡ್ತಿ ಮಾತು ಕಣಮ್ಮ. ಅವ್ಳು ತೀರ್ಕಂಡು ಎರಡ್ ವರ್ಷ ಆಯ್ತು” ಎಂದರು.

ಆಮೇಲೆ ಮಾಡುತ್ತೇನೆಂದು ಫೋನಿಟ್ಟೆ.

ಮ್ಯಾನೇಜರಿಗೆ ಬರೆದೆ: ಆ ಹೆಸರಿನ, ಆ ಹೊಲದ ಮನುಷ್ಯ ನಿಜವಾಗಿ ಇದ್ದಾರೆ, ದಯವಿಟ್ಟು ಆ ಒಂದು ಕಾರ್ಡ್ ತೆಗೆಯಿರಿ. ಉತ್ತರಕ್ಕೆ ಸಂಜೆಯವರೆಗೆ ಕಾಯಿಸಿದರು. “ಕಾಮನ್ ನೇಮ್ ಅದು. ಫಾರ್ವರ್ಡ್ ಆಗಿರೋದನ್ನ ತೆಗೆಯೋಕೆ ಆಗಲ್ಲ. ಅದೇ ಕಾರ್ಡ್ ಚೆನ್ನಾಗಿ ಓಡ್ತಿರೋದು, ಶುಕ್ರವಾರ ಇನ್ನೊಂದು ರೌಂಡ್ ಬಿಡ್ತೀವಿ.” ನಾನು ಮತ್ತೆ ಬರೆದೆ. ಈ ಸಲ ಬೇಗ ಬಂತು: “ಹೆಸರು ಕೊಟ್ಟವರು ನೀವು. ಕ್ಲೈಂಟ್ ವಿಷಯ ಹೊರಗೆ ಮಾತಾಡಬಾರದು ಅಂತ ಒಪ್ಪಂದದಲ್ಲಿದೆ. ಶುಕ್ರವಾರದವರೆಗೆ ಸುಮ್ಮನಿದ್ದರೆ ಇಬ್ಬರಿಗೂ ಒಳ್ಳೆಯದು. ಇಲ್ಲದಿದ್ದರೆ ರಿವ್ಯೂ ಹೇಗೆ ಬರುತ್ತೆ ಅಂತ ನಿಮಗೇ ಗೊತ್ತು.”

ಹೆಸರು ಕೊಟ್ಟವಳು ನಾನೇ ಎನ್ನುವ ಮಾತು ನಿಜವಾಗಿತ್ತು, ಅದಕ್ಕೇ ಇನ್ನಷ್ಟು ಉರಿಯಿತು.

ಸೋಮವಾರ ಸುಮ್ಮನಿದ್ದೆ. ಮಂಗಳವಾರವೂ ಸುಮ್ಮನಿದ್ದೆ. ಶುಕ್ರವಾರಕ್ಕೆ ಇನ್ನು ಮೂರೇ ದಿನ, ಸ್ಟಾರ್ ಬಿದ್ದ ಮೇಲೆ ಹೇಳಿದರೂ ಹೇಳಿದಂತೆಯೇ ಅಲ್ಲವೇ ಎಂದು ನನಗೆ ನಾನೇ ಸಮಾಧಾನ ಮಾಡಿಕೊಂಡೆ. ಆ ಎರಡು ದಿನಗಳಲ್ಲಿ ತೆಗೆದುಕೊಂಡ ತೀರ್ಮಾನವೂ ನನ್ನದೇ, ಅದನ್ನು ಮರೆಮಾಚಿ ಬರೆಯಲು ನನಗೆ ಇಷ್ಟವಿಲ್ಲ. ಬುಧವಾರ ಬೆಳಿಗ್ಗೆ ಅಕ್ಕ ಫೋನ್ ಮಾಡಿದಳು. ಬೇರೆ ಏನೋ ಹೇಳುತ್ತಾ ಮಧ್ಯದಲ್ಲಿ, “ಕೆರೆ ಹಿಂದ್ಲೋರ ಮನೇಲಿ ನೆನ್ನೆ ಜಗಳ ಆಯ್ತಂತೆ ಕಣೇ. ತೀರ್ಕಂಡೋಳ ತಮ್ಮ ಕಡೂರಿಂದ ಬಂದಿದ್ನಂತೆ. ನಮಗ್ ಹೇಳ್ದಂಗೆ ಇನ್ನೊಂದ್ ಮದ್ವೆ ಮಾಡ್ಕಂಡಿದೀಯಾ, ನಕ್ಕೋಳು ಯಾವಳು ಅಂತ ಕೇಳ್ದನಂತೆ” ಎಂದಳು.

ಹನ್ನೊಂದರ ಬಸ್ಸಿಗೆ ಅಜ್ಜಂಪುರಕ್ಕೆ ಹೊರಟೆ.

ಅಂಗಡಿಯಲ್ಲಿ ಭಾವ ಒಬ್ಬರೇ ಇದ್ದರು. ನಾನು ಹೇಳಿ ಮುಗಿಸುವವರೆಗೆ ತಕ್ಕಡಿಯ ತಟ್ಟೆ ಒರೆಸುತ್ತಲೇ ಇದ್ದರು. “ನಿಂಗೇನ್ ಬಂದಿತ್ತಮ್ಮ ದೊಡ್ಡರೋಗ” ಎಂದರು ಕೊನೆಗೆ. “ನಾಳೆ ಇದು ನನ್ ಅಂಗಡಿ ಮೇಲ್ ಬತ್ತದೆ. ನಾದ್ನಿ ಕೈಲಿ ಬರ್ಸಿ ಮಾರ್ತಾವ್ನೆ ಅಂತಾರೆ.” ಆದರೂ ಫೋನ್ ಮಾಡಿ ಅವರನ್ನು ಕರೆಸಿದರು.

ಅರ್ಧ ಗಂಟೆಯಲ್ಲಿ ಕೆರೆ ಹಿಂದಿನವರು ಬೈಕಿನಲ್ಲಿ ಬಂದರು. ಐವತ್ತೈದರ ಆಸುಪಾಸು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆಯಲ್ಲಿ ವಿಭೂತಿ. ನಾನು ಬರೆದ ಮನುಷ್ಯನಿಗಿಂತ ಎತ್ತರವಾಗಿದ್ದರು. ಕೂರಲಿಲ್ಲ. ನಾನು ಎದ್ದು ನಿಂತು ಹೇಳಿದೆ: ಅದನ್ನು ಬರೆದವಳು ನಾನು, ನಿಮ್ಮನ್ನು ನೋಡಿ ಬರೆದದ್ದಲ್ಲ, ಊರು ಗೊತ್ತಿತ್ತು, ಊಹಿಸಿ ಬರೆದೆ, ತಪ್ಪಾಯಿತು.

“ಊಹೆ ಮಾಡಿದ್ದಾ?” ಎಂದರು.

“ಹೂಂ ಅಣ್ಣ.”

“ನಮ್ಮನೆಯವ್ಳು ನಗ್ತಿದ್ದಿದ್ದೂ ಊಹೆನಾ?”

ನಾನು ಹೌದೆಂದು ತಲೆಯಾಡಿಸಿದೆ.

“ಅವ್ಳು ಹಂಗೇ ಅಂತಿದ್ಲು ಕಣಮ್ಮ. ದುಡ್ಡು ಹೆಚ್ಚಾಗೈತಾ ಅಂತ. ಏನ್ ತಂದ್ರೂ ಹಂಗೇ ಅಂತಿದ್ಲು.” ಅವರ ದನಿಯಲ್ಲಿ ಮೃದುತನ ಇರಲಿಲ್ಲ, ಸಿಟ್ಟೇ ಇತ್ತು. “ನೀನ್ಯಾರು ಅದ್ನ ಊಹೆ ಮಾಡಾಕೆ?”

ಒಂದು ತಪ್ಪೊಪ್ಪಿಗೆಯನ್ನು ಟೈಪ್ ಮಾಡಿ, ಪ್ರಿಂಟ್ ತೆಗೆದುಕೊಂಡು ಹೋಗಿದ್ದೆ. ಅದನ್ನು ಗ್ರೂಪುಗಳಿಗೆ ಹಾಕುತ್ತೇನೆ, ನೋಡಿ ಎಂದು ಮುಂದೆ ಹಿಡಿದೆ. ಅವರು ಕೈಗೆ ತೆಗೆದುಕೊಳ್ಳಲಿಲ್ಲ. “ಬರ್ದಿದ್ ಸಾಕು. ನಿನ್ ಬರವಣಿಗೆ ನಂಬ್ಕಂಡೇ ಅವ್ರು ಬಾಟ್ಲಿ ತರ್ಸಿರೋದು. ನಾಕು ಮನೆಗೂ ಬಾ, ನಿನ್ ಬಾಯಲ್ಲಿ ಹೇಳು” ಎಂದರು.

ಭಾವ ಏನೋ ಹೇಳಲು ಹೋದರು. ನಾನು ಬೇಡವೆಂದೆ. ಆಟೊ ಮಾಡಿಕೊಂಡು ಅವರ ಬೈಕಿನ ಹಿಂದೆ ಆ ಊರಿಗೆ ಹೋದೆ.

ಬರೆಯುವುದಕ್ಕೂ ಬಾಗಿಲಲ್ಲಿ ನಿಂತು ಹೇಳುವುದಕ್ಕೂ ಎಷ್ಟು ವ್ಯತ್ಯಾಸವಿದೆಯೆಂದು ನನಗೆ ಅವತ್ತೇ ಗೊತ್ತಾದದ್ದು. ಬರೆಯುವಾಗ ಬೇಡವಾದ ಪದವನ್ನು ಅಳಿಸಬಹುದು. ಮೊದಲ ಮನೆಯಲ್ಲಿ ‘ಏಜೆನ್ಸಿಯವರು ಹೇಳಿದ ಪ್ರಕಾರ’ ಎಂದು ಶುರು ಮಾಡಿದೆ. ಪಕ್ಕದಲ್ಲಿದ್ದ ಕೆರೆ ಹಿಂದಿನವರು, “ಅವ್ರ್ ವಿಷ್ಯ ಬಿಡು, ನಿಂದ್ ಹೇಳು” ಎಂದರು. ಮತ್ತೆ ಮೊದಲಿಂದ ಹೇಳಿದೆ: ಇದನ್ನು ಬರೆದವಳು ನಾನು. ಇವರು ಈ ಔಷಧಿ ತಂದಿಲ್ಲ, ಹೊಡೆದಿಲ್ಲ. ನಾನು ಇವರ ಹೊಲ ನೋಡಿಯೇ ಇಲ್ಲ. ಆ ಮನೆಯ ಹೆಂಗಸು ಸೀಲು ಒಡೆಯದ ಬಾಟಲಿಯನ್ನು ತಂದು ನನ್ನ ಕಾಲ ಹತ್ತಿರ ಕುಕ್ಕಿದಳು. ಎರಡನೆಯ ಮನೆಯಲ್ಲಿ ಯಾರೂ ಕೂರು ಎಂದೂ ಅನ್ನಲಿಲ್ಲ. ಮೂರನೆಯವರು ಔಷಧಿಯನ್ನು ಆಗಲೇ ಹೊಲಕ್ಕೆ ಹೊಡೆದುಬಿಟ್ಟಿದ್ದರು, ನನ್ನ ಹೆಸರು, ಅಪ್ಪನ ಹೆಸರು, ಯಾವ ಶಾಲೆ ಎಂದು ವಿಚಾರಿಸಿ, “ಮಕ್ಳಿಗ್ ಇದ್ನೇ ಹೇಳ್ಕೊಟ್ರಾ?” ಎಂದು ಕೇಳಿದರು.

ನಾಲ್ಕನೆಯ ಮನೆಯ ಜಗಲಿಯಲ್ಲಿ ಒಬ್ಬ ಮುದುಕರು ಕೂತಿದ್ದರು. ನಾನು ಹೇಳಿದ್ದನ್ನೆಲ್ಲ ಕೇಳಿ, ನನ್ನನ್ನು ಬಿಟ್ಟು ಕೆರೆ ಹಿಂದಿನವರ ಕಡೆ ತಿರುಗಿದರು. “ನೀನೇ ಎದ್ರುಗ್ ಕೂತ್ಕಂಡ್ ಮಾತಾಡ್ದಂಗಿತ್ತು ಕಣೋ. ಅವ್ಳ್ ದನೀನೂ ಕೇಳಿಸ್ದಂಗಾಯ್ತು. ಅದ್ಕೇ ತರ್ಸ್‌ದೆ” ಎಂದರು.

ನನ್ನ ಬರವಣಿಗೆಯನ್ನು ಕೆಲಸ ಕೊಟ್ಟವರಲ್ಲದೆ ಬೇರೆ ಯಾರಾದರೂ ಓದಿ ಹೊಗಳಿದ್ದರೆ ಅದೇ ಮೊದಲು. ನಾಚಿಕೆಯಿಂದ ನೆಲ ನೋಡುತ್ತಾ ನಿಂತೆ. ಅಷ್ಟು ನಾಚಿಕೆಯ ನಡುವೆಯೂ ಒಳಗೆಲ್ಲೋ ಒಂದು ಚೂರು ಹಿಗ್ಗು ಎದ್ದಿತು. ಆ ಹಿಗ್ಗಿಗೆ ಇನ್ನೂ ನಾಚಿಕೆಯಾಯಿತು.

ಕಡೂರಿನ ಆ ಬಾಮೈದನಿಗೂ ಅವರ ಫೋನಿನಿಂದಲೇ ಹೇಳಿಸಿದರು. ಆತ ಬೈದ ಬೈಗುಳವನ್ನು ಬರೆಯುವ ಹಾಗಿಲ್ಲ. ಅಂದು ಸಂಜೆ ಗ್ರೂಪುಗಳಿಗೆ ನನ್ನ ಧ್ವನಿಯಲ್ಲೇ ತಪ್ಪೊಪ್ಪಿಗೆ ಕಳಿಸಿದೆ, ನನ್ನ ಹೆಸರು ಹೇಳಿ. ಏಜೆನ್ಸಿಗೂ ಒಂದು ಪ್ರತಿ ಹಾಕಿದೆ. ಎರಡನೆಯ ರೌಂಡಿನಲ್ಲಿ ಆ ಕಾರ್ಡ್ ಬರಲಿಲ್ಲ.

ಶುಕ್ರವಾರ ಕಾಂಟ್ರ್ಯಾಕ್ಟ್ ಮುಚ್ಚಿದರು. ಒಂದು ಸ್ಟಾರ್. “ಈ ಬರಹಗಾರ್ತಿಯನ್ನು ನಂಬಬೇಡಿ. ಕೆಲಸದ ವಿಷಯ ಹೊರಗೆ ಹೇಳಿ ನಮ್ಮ ಕ್ಲೈಂಟ್ ಹೆಸರು ಕೆಡಿಸಿದರು.” ರಿವ್ಯೂವನ್ನು ಅಳಿಸುವ ಅವಕಾಶ ಆ ತಾಣದಲ್ಲಿಲ್ಲ, ಕೆಳಗೆ ಒಂದೇ ಒಂದು ಸಲ ಉತ್ತರ ಬರೆಯಬಹುದು. ಉದ್ದದ ಸಮರ್ಥನೆಯೊಂದನ್ನು ಬರೆದೆ, ಅಳಿಸಿದೆ. ಕೊನೆಗೆ ಎರಡೇ ಸಾಲು ಹಾಕಿದೆ: “ಇಲ್ಲದ ಅನುಭವವನ್ನು ಬರೆದುಕೊಟ್ಟೆ. ಅದು ಇರುವ ಮನುಷ್ಯನಿಗೆ ತಗುಲಿತು, ಹಾಗಾಗಿ ಅವರಿಗೆ ಹೇಳಿದೆ.”

ಮುಂದಿನ ಐದು ವಾರ ಒಂದು ಅರ್ಜಿಗೂ ಉತ್ತರವಿಲ್ಲ. ಖಾತೆ ಮುಚ್ಚಿ ಬೇರೆ ಹೆಸರಿನಲ್ಲಿ ಹೊಸದು ತೆರೆಯಲು ಇಬ್ಬರು ಸಲಹೆ ಕೊಟ್ಟರು. ಬೇರೆ ಹೆಸರು ಎನ್ನುವ ಮಾತು ಕೇಳಿದರೇ ನನಗೆ ರೇಗುತ್ತಿತ್ತು. ಮಹಾಲಯ ಅಮಾವಾಸ್ಯೆಯ ಹಿಂದಿನ ದಿನ ಶಾಲೆಯ ಕಾರ್ಯದರ್ಶಿ ಫೋನ್ ಮಾಡಿದರು. “ವಿಷ್ಯ ಕೇಳ್ದೆ ಮೇಡಂ. ಬೇಜಾರ್ ಮಾಡ್ಕಬೇಡಿ. ಟೆಂಪರರಿಯೋರ್ಗೆ ಏನ್ ಹೇಳ್ಲಿ?” ಎಂದರು. ಒಂದು ವಾರ ಟೈಮ್ ಕೊಡಿ ಎಂದೆ. ಅವರಿಗೆ ಅಷ್ಟು ಹೇಳಬೇಕಾಗಿ ಬಂದದ್ದೇ ನನಗೆ ಸೋಲಾಗಿತ್ತು.

ಆ ವಾರದಲ್ಲೇ ಮೈಸೂರಿನ ಒಂದು ಚಿಕ್ಕ ತಂಡದಿಂದ ಉತ್ತರ ಬಂತು. ದನ ಸಾಕುವವರಿಗೆ ಫೋನಿನಲ್ಲಿ ಕೇಳಿಸುವ ಧ್ವನಿ ಸಂದೇಶಗಳನ್ನು ಬರೆಯಬೇಕಿತ್ತು. ಕೆಲಸ ನೋಡಿಕೊಳ್ಳುತ್ತಿದ್ದ ಹೆಂಗಸು ನೇರವಾಗಿ ಕೇಳಿದರು: “ನಿಮ್ಮ ಸ್ಯಾಂಪಲ್ ಸರಿಯಾಗಿದೆ. ರಿವ್ಯೂ ಸರಿಯಿಲ್ಲ. ನಿಮ್ಮ ಕೆಲಸ ಗೊತ್ತಿರೋರು ಯಾರಾದರೂ ಇದ್ದರೆ ನಂಬರ್ ಕೊಡಿ, ಮಾತಾಡ್ತೀನಿ.”

ಯಾರ ನಂಬರ್ ಕೊಡಲಿ? ಕಾರ್ಯದರ್ಶಿಯದೇ? ಮೂತ್ರಪಿಂಡದ ಕಲ್ಲಿನ ಬಗ್ಗೆ ಬರೆಸಿಕೊಂಡವರದೇ? ಒಂದು ದಿನ ಪೂರ್ತಿ ಯೋಚಿಸಿದೆ. ನಾನು ಬರೆದದ್ದನ್ನು ಓದಿ, ಅದರ ಒಳ್ಳೆಯದು ಕೆಟ್ಟದ್ದು ಎರಡನ್ನೂ ಮೈಮೇಲೆ ಹಾಕಿಕೊಂಡವರು ಒಬ್ಬರೇ ಇದ್ದರು.

ಅಜ್ಜಂಪುರಕ್ಕೆ ಹೋಗಿ, ಅಲ್ಲಿಂದ ಅವರ ಹೊಲಕ್ಕೇ ಹೋದೆ. ಈರುಳ್ಳಿ ಕಿತ್ತು ಸಾಲು ಹಾಕುತ್ತಿದ್ದರು. ಹೊಲ ಎರಡೂವರೆ ಎಕರೆಯಲ್ಲ, ನಾಲ್ಕು. ನನ್ನನ್ನು ನೋಡಿದರೂ ಕೈ ನಿಲ್ಲಿಸಲಿಲ್ಲ. ವಿಷಯ ಹೇಳಿದೆ.

“ಮತ್ತೆ ನನ್ ಹೆಸ್ರು ಬೇಕಾ ನಿಂಗೆ?” ಎಂದರು.

“ಬೇಕು ಅಣ್ಣ. ನಂಬರೂ ಬೇಕು. ಬ್ಯಾಡ ಅಂದ್ರೆ ಹಿಂಗೇ ವಾಪಸ್ ಹೋಗ್ತೀನಿ.”

ಕೈಯಲ್ಲಿದ್ದ ಸಾಲು ಮುಗಿಸಿದರು. ಆಮೇಲೆ ಸೊಂಟ ನೆಟ್ಟಗೆ ಮಾಡಿಕೊಂಡು, “ಈ ಸಲ ಕೇಳಾಕಾದ್ರೂ ಬಂದ್ಯಲ್ಲ. ಕೊಡು. ಏನ್ ಹೇಳ್ಬೇಕು ಅಂತ ಮಾತ್ರ ಹೇಳ್ಕೊಡಬ್ಯಾಡ” ಎಂದರು. ನಾನು ಹೇಳಿಕೊಡಲಿಲ್ಲ.

ಮೂರು ದಿನದ ಮೇಲೆ ಮೈಸೂರಿನಿಂದ ಕಾಂಟ್ರ್ಯಾಕ್ಟ್ ಬಂತು, ಹತ್ತು ಸಂದೇಶಕ್ಕೆ. ಕೆಳಗೆ ಆ ಹೆಂಗಸು ಸೇರಿಸಿದ್ದರು: ನೀವು ಕೊಟ್ಟ ನಂಬರಿಗೆ ಮಾತಾಡಿದೆ, ಅವರು ಹೇಳಿದ್ದನ್ನು ಹಾಗೇ ಬರೆದುಕೊಂಡಿದ್ದೇನೆ, ನಿಮಗೂ ಗೊತ್ತಿರಲಿ.

“ಚೆನ್ನಾಗ್ ಬರೀತಾಳೆ, ನಮ್ಮನೆಯವ್ಳನ್ನ ಎಬ್ಬಿಸ್ಕಂಡ್ ಬಂದು ಕೂರ್ಸಿದ್ಲು. ನಂಗೆ ಅವ್ಳ್ ಮೇಲೆ ಸಿಟ್ಟು ಹೋಗಿಲ್ಲ. ಕೆಲ್ಸ ಕೊಡಿ, ಆದ್ರೆ ಬರೆಯಾಕ್ ಮುಂಚೆ ಯಾರ್ನ ಕೇಳ್ದೆ ಅಂತ ಪ್ರತಿ ಸಲ ಕೇಳಿ.”